ಪ್ರಾಥಮಿಕ ಶಾಲೆಯಲ್ಲಿ ಆಟದ ಮೂಲಕ ಆರೋಗ್ಯ: ಕೋಲಾರ, ಚಿಕ್ಕಬಳ್ಳಾಪುರದ ಶಿಕ್ಷಕರು, ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಉತ್ತರಗಳು 1ರಿಂದ 5ನೇ ತರಗತಿಯ ಮಕ್ಕಳಿಗೆ ಸಂಬಂಧಿಸಿದವು. ದೈಹಿಕ ಶಿಕ್ಷಕರಿಲ್ಲದೆ ಒಬ್ಬಿಬ್ಬರು ಮೇಷ್ಟ್ರು, ಮೇಡಂಗಳೇ ಎಲ್ಲ ತರಗತಿಗಳನ್ನೂ ನಡೆಸುವ ಕಿರಿಯ ಪ್ರಾಥಮಿಕ ಶಾಲೆಗಳನ್ನು ಮುಂದಿಟ್ಟುಕೊಂಡು ಬರೆದಿದ್ದೇವೆ.

ಮಗು ದಿನಕ್ಕೆ ಎಷ್ಟು ಹೊತ್ತು ಆಡಬೇಕು?

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ವಾರದಲ್ಲಿ ಕನಿಷ್ಠ 3 ದಿನ ಏದುಸಿರು ಬರುವಷ್ಟು ಜೋರಿನ ಆಟ, ಮೂಳೆ ಮತ್ತು ಸ್ನಾಯು ಗಟ್ಟಿಯಾಗಿಸುವ ಕುಣಿತ, ನೆಗೆತ ಇರಬೇಕು. ಈ 60 ನಿಮಿಷ ಒಂದೇ ಸಲಕ್ಕೆ ಆಗಬೇಕಿಲ್ಲ. ಶಾಲೆಗೆ ನಡೆದು ಬರುವ 10 ನಿಮಿಷ, ಪ್ರಾರ್ಥನೆಯ ನಂತರದ 15, ಸಂಜೆ ಬೀದಿಯಲ್ಲಿ ಆಡುವ 35 ಸೇರಿದರೂ ಲೆಕ್ಕ ಸರಿಹೋಗುತ್ತದೆ.

ಜೋರು ಸಾಕಾಗಿದೆಯೇ ಎಂದು ತಿಳಿಯಲು ಯಂತ್ರ ಬೇಡ. ಆಡುತ್ತಿರುವ ಮಗುವನ್ನು ಮಾತಾಡಿಸಿ. ಉತ್ತರ ಕೊಡಲು ಆಗುತ್ತದೆ, ಹಾಡು ಹೇಳಲು ಆಗುವುದಿಲ್ಲ ಎಂದರೆ ಮಧ್ಯಮ ವೇಗ. ಎರಡು ಪದಕ್ಕೊಮ್ಮೆ ಉಸಿರು ಎಳೆಯುತ್ತಿದ್ದರೆ ಜೋರಿನ ಆಟ.

ನಮ್ಮದು ಹಳ್ಳಿ. ಮಕ್ಕಳು ಹಿಪ್ಪುನೇರಳೆ ಸೊಪ್ಪು ತರುತ್ತಾರೆ, ದನ ಹೊಡೆದುಕೊಂಡು ಹೋಗುತ್ತಾರೆ. ಅವರಿಗೆ ಆಟ ಬೇರೆ ಬೇಕೇ?

ಬೇಕು. ಕೆಲಸದಲ್ಲಿ ಮೈ ಒಂದೇ ರೀತಿ ಬಳಕೆಯಾಗುತ್ತದೆ: ಬಗ್ಗುವುದು, ಹೊರುವುದು, ನಡೆಯುವುದು. ಎಸೆಯುವುದು, ಹಿಡಿಯುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಓಡುತ್ತಾ ದಿಕ್ಕು ಬದಲಿಸುವುದು ಅದರಲ್ಲಿ ಬರುವುದಿಲ್ಲ. ಈ ಕೌಶಲಗಳು ಕೂಡಿಬರುವ ವಯಸ್ಸು 6ರಿಂದ 10. ಚೆಂಡು ಹಿಡಿಯಲು ಬಾರದ ಮಗು ದೊಡ್ಡದಾದ ಮೇಲೆ ಆಟದಿಂದಲೇ ದೂರ ನಿಲ್ಲುತ್ತದೆ. ಅಲ್ಲದೆ ಹಳ್ಳಿಯಲ್ಲೂ ಈಗ ಒಂದು ಕಿಲೋಮೀಟರ್ ದೂರದ ಶಾಲೆಗೂ ವ್ಯಾನ್ ಬರುತ್ತದೆ, ಸಂಜೆ ಕೈಗೆ ಮೊಬೈಲ್ ಬರುತ್ತದೆ. ಹಳ್ಳಿಯ ಮಕ್ಕಳಿಗೆ ಓಡಾಟ ತಾನಾಗೇ ಸಿಗುತ್ತದೆ ಎಂದು ಈಗ ಲೆಕ್ಕ ಹಿಡಿಯುವಂತಿಲ್ಲ.

40 ಮಕ್ಕಳು, ಒಬ್ಬರೇ ಮೇಡಂ, ಒಂದೇ ಚೆಂಡು. ಏನು ಮಾಡುವುದು?

ಹೆಚ್ಚಿನ ಕಡೆ ಆಟದ ಪಿರಿಯಡ್ ಹಾಳಾಗುವುದು ಇಲ್ಲಿಯೇ, ಆದ್ದರಿಂದ ಲೆಕ್ಕ ಹಾಕಿ ನೋಡೋಣ. 40 ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಒಬ್ಬೊಬ್ಬರಿಗೂ 30 ಸೆಕೆಂಡಿನ ಸರದಿ ಕೊಟ್ಟರೆ ಒಂದು ಸುತ್ತಿಗೆ 20 ನಿಮಿಷ. 40 ನಿಮಿಷದ ಪಿರಿಯಡ್‌ನಲ್ಲಿ ಪ್ರತಿ ಮಗುವಿಗೆ ಎರಡು ಸರದಿ, ಅಂದರೆ ಒಂದು ನಿಮಿಷದ ಆಟ. ಉಳಿದ 39 ನಿಮಿಷ ಬಿಸಿಲಲ್ಲಿ ನಿಂತಿರುತ್ತದೆ. ಅದೇ ಮಕ್ಕಳನ್ನು ಐದೈದು ಜನರ 8 ಸಾಲು ಮಾಡಿದರೆ ಎರಡೂವರೆ ನಿಮಿಷಕ್ಕೊಮ್ಮೆ ಸರದಿ ಬರುತ್ತದೆ, ಒಟ್ಟು 8 ನಿಮಿಷ ಮೈ ಆಡುತ್ತದೆ. ಮುಟ್ಟಾಟ, ಕೆರೆ-ದಡ, ಸ್ಕಿಪ್ಪಿಂಗ್‌ನಂಥ ಆಟಗಳಲ್ಲಿ ಸಾಲೇ ಇಲ್ಲ, ಎಲ್ಲರೂ ಒಟ್ಟಿಗೆ ಆಡುತ್ತಾರೆ.

ಹಾಗಾಗಿ ಮೈದಾನಕ್ಕೆ ಇಳಿಯುವ ಮುಂಚೆ ಕೇಳಿಕೊಳ್ಳಬೇಕಾದ್ದು ಒಂದೇ: ಈ ಆಟದಲ್ಲಿ ಒಂದು ಹೊತ್ತಿಗೆ ಎಷ್ಟು ಮಕ್ಕಳು ಓಡುತ್ತಿರುತ್ತಾರೆ? ಅರ್ಧಕ್ಕಿಂತ ಕಡಿಮೆ ಎಂದರೆ ಗುಂಪು ಒಡೆಯಿರಿ ಅಥವಾ ಆಟ ಬದಲಿಸಿ. ನಲಿ-ಕಲಿ ತರಗತಿಯಲ್ಲಿ ಗುಂಪು ಮಾಡಿ ಅಭ್ಯಾಸವಿರುವ ಶಿಕ್ಷಕರಿಗೆ ಇದು ಕಷ್ಟವಾಗದು. 4, 5ನೇ ತರಗತಿಯ ಎಂಟು ಮಕ್ಕಳನ್ನು ಗುಂಪಿನ ನಾಯಕರನ್ನಾಗಿ ಮಾಡಿ, ಪ್ರತಿ ವಾರ ಬದಲಿಸಿ. ಸದಾ ಒಬ್ಬನೇ ನಾಯಕನಾದರೆ ಉಳಿದವರು ಹೇಳಿದ್ದು ಕೇಳುವುದನ್ನಷ್ಟೇ ಕಲಿಯುತ್ತಾರೆ.

ನಿಯಮವನ್ನು ಬಾಯಲ್ಲಿ ಹೇಳುವುದು ಒಂದು ನಿಮಿಷ ಮೀರದಿರಲಿ. ಮನೆಮಾತು ತೆಲುಗು, ಉರ್ದು ಆಗಿರುವ ಮಕ್ಕಳು ನಮ್ಮ ಕಡೆ ಬಹಳ. ಮಾತಿಗಿಂತ, ನಾಲ್ಕು ಮಕ್ಕಳಿಂದ ಒಂದು ಸಲ ಆಡಿಸಿ ತೋರಿಸಿದರೆ ಎಲ್ಲರಿಗೂ ಹತ್ತುತ್ತದೆ.

ಒಂದು ಪಿರಿಯಡ್ ಹೇಗೆ ಹಂಚಬೇಕು?

ನೀರು ಕುಡಿದು ಮೈದಾನಕ್ಕೆ ಬರಲು 3 ನಿಮಿಷ. ಮೈ ಬಿಸಿ ಮಾಡಲು 5: ನಿಧಾನ ಓಟ, ಮೊಣಕಾಲೆತ್ತಿ ಜಿಗಿತ, ಕೈ ತಿರುಗಿಸುವುದು. ಕೌಶಲಕ್ಕೆ 10, ಉದಾಹರಣೆಗೆ ಇಬ್ಬಿಬ್ಬರು 3 ಮೀಟರ್ ದೂರದಲ್ಲಿ ನಿಂತು ಎಸೆದು ಹಿಡಿಯುವುದು. ಆಟಕ್ಕೆ 17. ಕೊನೆಯ 5 ನಿಮಿಷ ನಿಧಾನ ನಡಿಗೆ, ಕೈ ತೊಳೆಯುವುದು, ನೀರು. ಸಮಯ ಸಾಲದೆ ಏನನ್ನಾದರೂ ಬಿಡಬೇಕಾದರೆ ಕೌಶಲವನ್ನು ಮೊಟಕು ಮಾಡಿ. ಕೈ ತೊಳೆಯುವುದನ್ನು ಬಿಡಬೇಡಿ.

ಯಾವ ತರಗತಿಗೆ ಯಾವ ಆಟ?

1 ಮತ್ತು 2ನೇ ತರಗತಿಗೆ ಒಂದೇ ನಿಯಮದ ಆಟ: ಕೆರೆ-ದಡ, ಮುಟ್ಟಾಟ, ಕುಂಟಾಟ, ಕುಂಟೆಬಿಲ್ಲೆ. ಕುಂಟೆಬಿಲ್ಲೆ ಚಿಕ್ಕ ಜಾಗದಲ್ಲಿ ಸಮತೋಲನ, ಒಂಟಿಕಾಲ ನೆಗೆತ, ಗುರಿ ಮೂರನ್ನೂ ಕಲಿಸುತ್ತದೆ. ಮನೆಯ ಅಳತೆ 40 ಸೆಂ.ಮೀ. ಚೌಕ ಸಾಕು, ಒಂದು ಚಿತ್ರಕ್ಕೆ ನಾಲ್ಕು ಮಕ್ಕಳು ಮಾತ್ರ. ಎರಡೂ ಕಾಲಲ್ಲಿ ಕುಂಟಿಸಿ. ಇಲ್ಲದಿದ್ದರೆ ಮಗು ಯಾವಾಗಲೂ ಬಲಗಾಲನ್ನೇ ಬಳಸುತ್ತದೆ.

3ನೇ ತರಗತಿಯಿಂದ ಲಗೋರಿ. 4 ಮತ್ತು 5ಕ್ಕೆ ಖೋ ಖೋ, ಕಬಡ್ಡಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಅನ್ನು ಭಾರತದ ಪುರುಷರು, ಮಹಿಳೆಯರು ಇಬ್ಬರೂ ಗೆದ್ದರು. ಅದನ್ನು ಮಕ್ಕಳಿಗೆ ಹೇಳಿ, ಕಣ್ಣರಳಿಸಿ ಕೇಳುತ್ತಾರೆ. ಆದರೆ ದೊಡ್ಡವರ 27×16 ಮೀಟರ್ ಅಂಕಣ ಬೇಡ. 15×8 ಮೀಟರ್ ಸಾಕು. ಐದು ಮಕ್ಕಳು ಕೂತು, ಒಬ್ಬರು ಅಟ್ಟಿಸಿಕೊಂಡು ಹೋಗಲಿ, ಮೂವರು ತಪ್ಪಿಸಿಕೊಳ್ಳಲಿ. 3 ನಿಮಿಷಕ್ಕೆ ಸರದಿ ಬದಲಿಸಿ. ಇಂಥ ಎರಡು ಅಂಕಣ ಅಕ್ಕಪಕ್ಕ ಹಾಕಿದರೆ ಒಂದೇ ಹೊತ್ತಿಗೆ 18 ಮಕ್ಕಳಿಗೆ ಆಟ ಸಿಗುತ್ತದೆ.

ಖೋ ಖೋದಲ್ಲಿ ಪೆಟ್ಟಾಗಲು ಎರಡು ಕಾರಣ. ಒಂದು, "ಖೋ" ಕೊಡುವಾಗ ಬೆನ್ನನ್ನು ತಳ್ಳುವುದು. ಕೂತ ಮಗು ಮುಗ್ಗರಿಸಿ ಮೊಣಕಾಲು, ಗಲ್ಲ ಕೆತ್ತಿಕೊಳ್ಳುತ್ತದೆ. ಅಂಗೈ ತಾಗಿಸಿದರೆ ಸಾಕು ಎಂಬುದನ್ನು ಮೊದಲು ನಡೆಯುತ್ತಾ ಅಭ್ಯಾಸ ಮಾಡಿಸಿ, ಆಮೇಲೆ ಓಡಿಸಿ. ಎರಡನೆಯದು ಕಂಬ. ಅದಕ್ಕೆ ಗೋಣಿಚೀಲ ಎರಡು ಸುತ್ತು ಸುತ್ತಿ ಕಟ್ಟಿ. ಕಬಡ್ಡಿಯಲ್ಲಿ ಈ ವಯಸ್ಸಿಗೆ ಕಾಲು ಹಿಡಿದು ಎಳೆಯುವುದು ಬೇಡ. ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಪಟ್ಟಿಯನ್ನು ಕಿತ್ತರೆ ಔಟ್ ಎಂದು ಆಡಿಸಿ. ಗಟ್ಟಿ ನೆಲದ ಮೇಲೆ ಇದೇ ಸರಿ.

ಔಟಾದ ಮಗುವನ್ನು ಕೂರಿಸಬೇಕಲ್ಲವೇ?

ಕೂರಿಸಬೇಡಿ. ಮೊದಲು ಔಟಾಗುವುದು ನಿಧಾನಕ್ಕೆ ಓಡುವ, ದಪ್ಪಗಿರುವ, ರಕ್ತಹೀನತೆಯಿರುವ ಮಗು. ಯಾರಿಗೆ ಓಟ ಹೆಚ್ಚು ಬೇಕೋ ಅವರೇ ಗೋಡೆ ಪಕ್ಕ ಕೂತು ನೋಡುವಂತಾಗುತ್ತದೆ. ಔಟಾದವರು ಹತ್ತು ಸಲ ಜಿಗಿದು ಮತ್ತೆ ಆಟಕ್ಕೆ ಸೇರಲಿ, ಇಲ್ಲವೇ ಎದುರು ತಂಡಕ್ಕೆ ಹೋಗಲಿ. ಈ ಒಂದು ಬದಲಾವಣೆಯಿಂದ ಆಗುವ ಲಾಭ ದುಬಾರಿ ಸಾಮಾನು ತಂದರೂ ಆಗದು.

ಆಟದಿಂದ ಉಳಿದ ಒಳ್ಳೆಯ ಅಭ್ಯಾಸಗಳು ಹೇಗೆ ಬರುತ್ತವೆ? ಬರೀ ಓಡಿದರೆ ಸಾಕೇ?

ಸಾಲದು. ಅಭ್ಯಾಸಗಳನ್ನು ಆಟಕ್ಕೆ ಗಂಟು ಹಾಕಬೇಕು. ಮಗುವಿಗೆ "ಕೈ ತೊಳೆದರೆ ರೋಗ ಬರುವುದಿಲ್ಲ" ಎನ್ನುವುದು ದೂರದ ಮಾತು. "ಕೈ ತೊಳೆದ ತಂಡಕ್ಕೆ ಒಂದು ಅಂಕ" ಎನ್ನುವುದು ಈಗಿನ ಮಾತು. ತಂಡದ ಅಂಕಪಟ್ಟಿಯಲ್ಲಿ ಆಟದ ಗೆಲುವಿಗೆ 1 ಅಂಕ ಇದ್ದರೆ, ತಂಡದ ಎಲ್ಲರೂ ಬೆಳಿಗ್ಗೆ ಏನಾದರೂ ತಿಂದು ಬಂದಿದ್ದರೆ 1, ನೀರಿನ ಬಾಟಲಿ ತಂದಿದ್ದರೆ 1, ಉಗುರು ಕತ್ತರಿಸಿದ್ದರೆ 1 ಇರಲಿ. ಒಂದೇ ಸಲ ಎಲ್ಲವನ್ನೂ ಹೇರಬೇಡಿ. ತಿಂಗಳಿಗೆ ಒಂದು ಅಭ್ಯಾಸ ಸಾಕು.

ಇದರಲ್ಲಿ ಒಂದು ಅಪಾಯವಿದೆ. ಮನೆಯಲ್ಲಿ ಬೆಳಿಗ್ಗೆ ಅಡುಗೆಯೇ ಆಗದ ಮಗುವಿನಿಂದ ತಂಡಕ್ಕೆ ಅಂಕ ಹೋದರೆ ಉಳಿದವರು ಅದನ್ನೇ ದೂರುತ್ತಾರೆ. ಅಂಥ ಮಗು ಇದೆಯೆಂದು ತಿಳಿದರೆ ಆ ಅಂಕವನ್ನೇ ಪಟ್ಟಿಯಿಂದ ತೆಗೆದು, ಮನೆಯವರ ಜೊತೆ ಬೇರೆಯಾಗಿ ಮಾತಾಡಿ.

ಕೈ ತೊಳೆಯಲು ಸೋಪನ್ನು ಹಳೆಯ ಈರುಳ್ಳಿ ಬಲೆಚೀಲದಲ್ಲಿ ಹಾಕಿ ನಲ್ಲಿ ಪಕ್ಕ ನೇತುಹಾಕಿ. ನೆಲಕ್ಕೆ ಬೀಳುವುದಿಲ್ಲ, ಕಳೆಯುವುದಿಲ್ಲ. 20 ಸೆಕೆಂಡ್ ಉಜ್ಜಬೇಕು. ಒಂದರಿಂದ ಇಪ್ಪತ್ತರವರೆಗೆ ನಿಧಾನವಾಗಿ ಎಣಿಸಲಿ, ಚಿಕ್ಕವರಿಗೆ ಎಣಿಕೆಯೂ ಬರುತ್ತದೆ.

ನಿದ್ದೆಯನ್ನೂ ಸೇರಿಸಿ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಸಂಜೆ ಚೆನ್ನಾಗಿ ಆಡಿದ ಮಗು ಬೇಗ ಮಲಗುತ್ತದೆ. ಹೊರಗಿನ ಬೆಳಕಿನಲ್ಲಿ ಕಳೆಯುವ ಹೊತ್ತು ಸಮೀಪದೃಷ್ಟಿ ದೋಷ ಶುರುವಾಗುವುದನ್ನು ತಗ್ಗಿಸುತ್ತದೆ ಎಂಬುದನ್ನು ಮೊಬೈಲ್ ಬಗ್ಗೆ ಚಿಂತಿಸುವ ಪೋಷಕರಿಗೆ ತಿಳಿಸಿ.

ಗೆದ್ದವರಿಗೆ ಚಿಪ್ಸ್, ಚಾಕೊಲೇಟ್ ಬಹುಮಾನ ಬೇಡ. ಮುಂದಿನ ವಾರ ಯಾವ ಆಟ ಎಂದು ಆರಿಸುವ ಹಕ್ಕು ಕೊಡಿ, ಅದಕ್ಕೆ ಮಕ್ಕಳು ಹೆಚ್ಚು ಬೆಲೆ ಕೊಡುತ್ತಾರೆ.

ಸಾಮಾನಿಗೆ ದುಡ್ಡಿಲ್ಲ. ಏನು ಮಾಡಿಕೊಳ್ಳಬಹುದು?

ಚೆಂಡು: ಹಳೆಯ ಪೇಪರ್ ಎರಡು ಹಾಳೆ ಮುದ್ದೆ ಮಾಡಿ, ಮೇಲೆ ಹತ್ತಿ ಬಟ್ಟೆ ಸುತ್ತಿ. ಪಂಕ್ಚರ್ ಅಂಗಡಿಯಿಂದ ತಂದ ಸೈಕಲ್ ಟ್ಯೂಬನ್ನು 1 ಸೆಂ.ಮೀ. ಅಗಲದ ಬಳೆಗಳಾಗಿ ಕತ್ತರಿಸಿ, 15ರಿಂದ 20 ಬಳೆಗಳನ್ನು ಅಡ್ಡಡ್ಡ ಎಳೆದು ಹಾಕಿ. 7 ಸೆಂ.ಮೀ. ಸುತ್ತಳತೆಯಲ್ಲ, ಅಡ್ಡಳತೆ ಇರಲಿ, ಚಿಕ್ಕ ಕೈಗೆ ಹಿಡಿತ ಸಿಗುತ್ತದೆ. ಮುಖಕ್ಕೆ ತಗುಲಿದರೂ ನೋವಾಗದು, ಪಕ್ಕದ ಟೊಮೇಟೊ ತೋಟಕ್ಕೂ ಉರುಳುವುದಿಲ್ಲ.

ಬೀಜದ ಚೀಲ: 10 ಸೆಂ.ಮೀ. ಚೌಕದ ಬಟ್ಟೆಚೀಲಕ್ಕೆ 100 ಗ್ರಾಂ ಹುಣಸೆಬೀಜ ತುಂಬಿ ಹೊಲಿಯಿರಿ. ಪೂರ್ತಿ ಬಿಗಿಯಾಗಿ ತುಂಬಿದರೆ ಕೈಯಿಂದ ಪುಟಿಯುತ್ತದೆ, ಮುಕ್ಕಾಲು ಭಾಗ ಸಾಕು. ಚೆಂಡಿಗೆ ಹೆದರುವ ಮಗು ಮೊದಲು ಇದರಲ್ಲಿ ಹಿಡಿಯಲು ಕಲಿಯುತ್ತದೆ.

ಸ್ಕಿಪ್ಪಿಂಗ್ ಹಗ್ಗ: 8 ಮಿ.ಮೀ. ದಪ್ಪದ್ದು. ತೆಳು ಹಗ್ಗ ಗಾಳಿಗೆ ತೇಲಿ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ನಡುವೆ ಒಂದು ಕಾಲಿಟ್ಟು ಎಳೆದರೆ ಎರಡೂ ತುದಿ ಕಂಕುಳಿಗೆ ಬರಬೇಕು. 1, 2ನೇ ತರಗತಿಗೆ ಸುಮಾರು 2 ಮೀಟರ್, 4, 5ಕ್ಕೆ 2.4 ಮೀಟರ್.

ಗೆರೆ ಎಳೆಯಲು ಗೋಡೆಗೆ ಹಚ್ಚುವ ಸುಣ್ಣ ಬೇಡವೇ ಬೇಡ. ಕಣ್ಣಿಗೆ ಬಿದ್ದರೆ ಸುಡುತ್ತದೆ. ರಂಗೋಲಿ ಪುಡಿ ಸಾಕು.

ಬಿಸಿಲಲ್ಲಿ ಆಡಿಸಬಹುದೇ?

ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ 11ರಿಂದ ಮಧ್ಯಾಹ್ನ 3.30ರವರೆಗೆ ಬಯಲಲ್ಲಿ ಓಟ ಬೇಡ. ಆಟದ ಪಿರಿಯಡ್ ಅನ್ನು ಬೆಳಗಿನ ಮೊದಲ ಅವಧಿಗೆ ತನ್ನಿ. ಆಗದಿದ್ದರೆ ಹೊಂಗೆ, ಬೇವಿನ ನೆರಳಲ್ಲಿ ಕುಂಟೆಬಿಲ್ಲೆ, ಎಸೆತ. ಮಧ್ಯಾಹ್ನದ ಬಿಸಿಯೂಟವಾದ ಒಂದು ಗಂಟೆ ಜೋರಿನ ಆಟ ಬೇಡ. ಮಗುವಿಗೆ ತಲೆನೋವು, ವಾಕರಿಕೆ, ತಲೆ ಸುತ್ತು ಬಂದರೆ ನೆರಳಿಗೆ ತಂದು ಒದ್ದೆ ಬಟ್ಟೆಯಿಂದ ಕುತ್ತಿಗೆ, ಕಂಕುಳು ಒರೆಸಿ. ಮಾತು ತೊದಲಿದರೆ, ಪ್ರಜ್ಞೆ ಮಂಕಾದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಪಕ್ಕದ ತೋಟಕ್ಕೆ ಔಷಧಿ ಹೊಡೆಯುವ ದಿನ, ಕ್ರಷರ್ ದೂಳು ಇತ್ತ ಬೀಸುವ ದಿನ ಒಳಗೇ ಆಡಿಸಿ.

ಆಡುವಾಗ ಯಾವ ನೀರು, ಎಷ್ಟು?

20 ನಿಮಿಷಕ್ಕೊಮ್ಮೆ ಅರ್ಧ ಲೋಟ, ಅಂದರೆ 100ರಿಂದ 150 ಮಿ.ಲೀ. ಬಾಯಾರಿಕೆಯಾಗಲಿ ಎಂದು ಕಾಯಬೇಡಿ. ಬಾಟಲಿ ಜ್ಯೂಸ್, ಬಣ್ಣದ ನೀರು ಯಾವುದೂ ಬೇಕಿಲ್ಲ, ಮಜ್ಜಿಗೆ ಒಳ್ಳೆಯದು.

ಯಾವ ನೀರು ಎಂಬುದು ನಮ್ಮ ಜಿಲ್ಲೆಗಳಲ್ಲಿ ದೊಡ್ಡ ಪ್ರಶ್ನೆ. ಇಲ್ಲಿನ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಕುಡಿಯುವ ನೀರಲ್ಲಿ ಅದು ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದಾಗ ಹೆಚ್ಚೆಂದರೆ 1.5. ಸುಮಾರು ಎಂಟು ವರ್ಷದವರೆಗೆ ಶಾಶ್ವತ ಹಲ್ಲಿನ ಹೊರಪದರ ರೂಪುಗೊಳ್ಳುತ್ತಿರುತ್ತದೆ, ಹೆಚ್ಚು ಫ್ಲೋರೈಡ್ ಕುಡಿದ ಮಗುವಿನ ಹಲ್ಲಿಗೆ ಬರುವ ಹಳದಿ, ಕಂದು ಕಲೆ ಬ್ರಷ್‌ನಿಂದ ಹೋಗದು. ಆಡುವ ಮಗು ಹೆಚ್ಚು ನೀರು ಕುಡಿಯುತ್ತದೆ, ಆದ್ದರಿಂದ ಮೈದಾನದ ಬಿಂದಿಗೆಗೆ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ತುಂಬಿ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬುದು ತಪ್ಪು ತಿಳುವಳಿಕೆ. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಕೂರಲು, ಬಗ್ಗಲು ಕಷ್ಟಪಡುವ, ಮೊಣಕಾಲು ಒಳಬಾಗಿದ ಮಗುವನ್ನು "ಸೋಮಾರಿ" ಎನ್ನದೆ ವೈದ್ಯರಿಗೆ ತೋರಿಸಿ.

ಆಡುವ ಮಗುವಿಗೆ ವಿಶೇಷ ಊಟ ಬೇಕೇ?

ಬೇಡ. ರಾಗಿಮುದ್ದೆ, ಬಸ್ಸಾರು, ಹುರುಳಿಕಾಳು, ಸೊಪ್ಪು, ಮೊಟ್ಟೆ, ಕಡಲೆಕಾಯಿ ಇವೇ ಸಾಕು. 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಡಬ್ಬಿಯಲ್ಲಿ ಬರುವ "ಎತ್ತರ ಬೆಳೆಸುವ" ಪುಡಿಗೆ ಹಣ ಸುರಿಯುವ ಪೋಷಕರಿಗೆ ಇದನ್ನು ಹೇಳಬೇಕು. ಶಾಲೆಯಲ್ಲಿ ಹಾಲು ಕೊಡುವ, 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯ 150 ಮಿ.ಲೀ. ಹಾಲನ್ನು ಮಗು ನಿಜವಾಗಿ ಕುಡಿಯುತ್ತಿದೆಯೇ ನೋಡಿ, ಕುಡಿದ ಅರ್ಧ ಗಂಟೆ ಓಟ ಬೇಡ.

ಬೇಗ ಏದುಸಿರು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿರುವುದು, ಆಟದಲ್ಲಿ ನಿರಾಸಕ್ತಿ ಕಂಡರೆ ರಕ್ತಹೀನತೆ ಇರಬಹುದು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಗುಲಾಬಿ ಮಾತ್ರೆಯಲ್ಲಿ 45 ಮಿ.ಗ್ರಾಂ ಕಬ್ಬಿಣಾಂಶ ಇದೆ. ಅದನ್ನು ಊಟದ ನಂತರ ಕೊಡಿ, ಹಾಲು, ಟೀ ಜೊತೆಗೆ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ನಿಂಬೆ, ನೆಲ್ಲಿಕಾಯಿ ಇದ್ದರೆ ಚೆನ್ನಾಗಿ ಹತ್ತುತ್ತದೆ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನದ ಮಾತ್ರೆ ತಪ್ಪಿಸಬೇಡಿ. ಕೊಕ್ಕೆಹುಳು ಬರಿಗಾಲಿನ ಮೂಲಕ ಮೈಸೇರಿ ರಕ್ತ ಹೀರುತ್ತದೆ, ನೆಗ್ಗಿಲು ಮುಳ್ಳಿನ ಕಾಟವೂ ಇದೆ, ಹಾಗಾಗಿ ಶಾಲೆಯಿಂದ ಕೊಟ್ಟ ಶೂ ಆಟದ ದಿನವೇ ಹಾಕಲಿ. "ಹಾಳಾಗುತ್ತೆ" ಎಂದು ಮನೆಯಲ್ಲಿ ಎತ್ತಿಡುವುದು ಬೇಡ.

ಉಬ್ಬಸ ಇರುವ ಮಗು ಆಡಬಹುದೇ?

ವೈದ್ಯರು ಹೇಳಿದ ಉಸಿರಾಟದ ಪಂಪ್ (ಇನ್‌ಹೇಲರ್) ಜೊತೆಗಿದ್ದರೆ ಆಡಬಹುದು. ಮೈ ಬಿಸಿ ಮಾಡುವ ಹೊತ್ತು 10 ನಿಮಿಷಕ್ಕೆ ಏರಿಸಿ. ಪಂಪ್ ಮುಖ್ಯ ಶಿಕ್ಷಕರ ಬೀರುವಿನಲ್ಲಿ ಬೀಗ ಹಾಕಿ ಇಡುವ ವಸ್ತುವಲ್ಲ, ಮೈದಾನದಲ್ಲೇ ಇರಬೇಕು.

ಹೆಣ್ಣುಮಕ್ಕಳು 4ನೇ ತರಗತಿಗೆ ಬರುವಷ್ಟರಲ್ಲಿ ಹಿಂದೆ ಸರಿಯುತ್ತಾರೆ. ಯಾಕೆ?

ಲಂಗದ ಸಮವಸ್ತ್ರದಲ್ಲಿ ಬಿದ್ದರೆ ನಗುತ್ತಾರೆಂಬ ಅಳುಕು, ಶೌಚಾಲಯಕ್ಕೆ ಬೀಗ, ಚೆಂಡು ಸದಾ ಹುಡುಗರ ಕೈಯಲ್ಲಿ. ಕಾರಣ ಇಷ್ಟೇ, ಪರಿಹಾರವೂ ಇಲ್ಲೇ ಇದೆ. ಲಂಗದೊಳಗೆ ಚಡ್ಡಿ ಅಥವಾ ಆಟದ ದಿನ ಚೂಡಿದಾರ್, ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬರಲಿ ಎಂದು ಪೋಷಕರ ಸಭೆಯಲ್ಲಿ ಮೊದಲೇ ಹೇಳಿ. ತಂಡಗಳನ್ನು ನೀವೇ ಬೆರೆಸಿ ಮಾಡಿ. "ನಾಯಕರು ಆರಿಸಿಕೊಳ್ಳಿ" ಎಂದರೆ ಕೊನೆಗೆ ಉಳಿಯುವುದು ಅದೇ ಮಕ್ಕಳು.

ತಪ್ಪು ಮಾಡಿದವರಿಗೆ ಮೈದಾನ ಐದು ಸುತ್ತು ಓಡಿಸಬಹುದೇ? ತೂಕ ನೋಡಿ ಎಲ್ಲರೆದುರು ಹೇಳಬಹುದೇ?

ಎರಡೂ ಬೇಡ. ದೈಹಿಕ ಶಿಕ್ಷೆಯನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಜೊತೆಗೆ ಓಟವೇ ಶಿಕ್ಷೆಯಾದರೆ ಮಗು ಓಟವನ್ನು ದ್ವೇಷಿಸಲು ಕಲಿಯುತ್ತದೆ. ಹೋಂವರ್ಕ್ ಮಾಡಿಲ್ಲವೆಂದು ಆಟದ ಪಿರಿಯಡ್ ಕಿತ್ತುಕೊಳ್ಳುವುದೂ ಅಷ್ಟೇ ತಪ್ಪು. ತೂಕ, ಎತ್ತರವನ್ನು ಒಬ್ಬೊಬ್ಬರಾಗಿ ಅಳೆದು ಪುಸ್ತಕದಲ್ಲಿ ಬರೆಯಿರಿ. ದೊಡ್ಡವರ ಕೋಷ್ಟಕಕ್ಕೆ ಹೋಲಿಸಬೇಡಿ, ಮಕ್ಕಳಿಗೆ ವಯಸ್ಸಿಗೆ ತಕ್ಕ ಕೋಷ್ಟಕ ಬೇರೆ ಇದೆ.

ಪೆಟ್ಟಾದರೆ ಮೊದಲು ಏನು ಮಾಡಬೇಕು?

ತರಚಿದ ಗಾಯಕ್ಕೆ ನೀರು, ಸೋಪು. ಕಾಫಿಪುಡಿ, ಮಣ್ಣು ಹಾಕಬೇಡಿ. ಮೂಗಿನಲ್ಲಿ ರಕ್ತ ಬಂದರೆ ತಲೆ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆ ಭಾಗವನ್ನು 10 ನಿಮಿಷ ಒತ್ತಿ ಹಿಡಿಯಿರಿ. ಹಿಂದಕ್ಕೆ ಬಾಗಿಸಿದರೆ ರಕ್ತ ಗಂಟಲಿಗೆ ಇಳಿಯುತ್ತದೆ. ಉಳುಕಿದ ಕಾಲಿಗೆ ಎಣ್ಣೆ ಹಚ್ಚಿ ನೀವುವುದು ಬೇಡ, ತಣ್ಣೀರ ಬಟ್ಟೆ ಇಟ್ಟು ಕಾಲೆತ್ತಿ ಕೂರಿಸಿ. ಶಾಶ್ವತ ಹಲ್ಲು ಬುಡಸಮೇತ ಬಿದ್ದರೆ ಬೇರನ್ನು ಉಜ್ಜದೆ ಹಾಲಿನಲ್ಲಿ ಹಾಕಿ, ಒಂದು ಗಂಟೆಯೊಳಗೆ ದಂತವೈದ್ಯರ ಬಳಿ ಹೋಗಿ. ತಲೆಗೆ ಪೆಟ್ಟಾದ ಮಗು ಅಂದು ಮತ್ತೆ ಆಡಬಾರದು. ವಾಂತಿ, ಮಂಪರು, ಗೊಂದಲ ಕಂಡರೆ ಆಸ್ಪತ್ರೆಗೆ.

ಈಜು ಒಳ್ಳೆಯ ವ್ಯಾಯಾಮ ಅಲ್ಲವೇ? ಕೆರೆಯಲ್ಲಿ ಈಗ ನೀರಿದೆ.

ಒಳ್ಳೆಯದೇ, ಆದರೆ ಕೆರೆಯಲ್ಲಾಗಲಿ ಕೃಷಿ ಹೊಂಡದಲ್ಲಾಗಲಿ ಬೇಡ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ, ಬಿದ್ದ ಮಗುವಿಗೆ ಹಿಡಿದು ಮೇಲೆ ಬರಲು ಏನೂ ಸಿಗದು. ಈಜು ಬಲ್ಲ ದೊಡ್ಡವರೇ ಅದರಲ್ಲಿ ಮುಳುಗಿದ್ದಾರೆ. ಹೊಂಡವಿರುವ ಮನೆಯವರು ಸುತ್ತ ಬೇಲಿ ಹಾಕಿ, ಗೂಟಕ್ಕೆ ಕಟ್ಟಿದ ಗಂಟಿನ ಹಗ್ಗವನ್ನು ನೀರಿನವರೆಗೆ ಇಳಿಬಿಡಲಿ. ಬೇಸಿಗೆ ರಜೆಗೆ ಮುಂಚೆ ಇದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎತ್ತಿ.

ಕ್ರೀಡಾಕೂಟ ಹತ್ತಿರ ಬಂದಾಗ ಗೆಲ್ಲುವವರಿಗಷ್ಟೇ ಅಭ್ಯಾಸ ಕೊಡುವುದು ತಪ್ಪೇ?

ಅವರಿಗೆ ಶಾಲೆ ಮುಗಿದ ಮೇಲೆ ಅಭ್ಯಾಸ ಕೊಡಿ. ಆಟದ ಪಿರಿಯಡ್ ಎಲ್ಲರದ್ದು, ಅದನ್ನು ಹತ್ತು ಮಕ್ಕಳಿಗೆ ಬರೆದುಕೊಡಬೇಡಿ.

ಫಲಿತಾಂಶ ತಿಳಿಯುವುದು ಹೇಗೆ?

ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಕಾರ್ಯಕ್ರಮದ ದೈಹಿಕ ಕ್ಷಮತೆ ಪರೀಕ್ಷೆಗಳು ಸುಲಭ. 1ರಿಂದ 3ನೇ ತರಗತಿಗೆ ಎತ್ತರ-ತೂಕ, ಒಂಟಿಕಾಲಲ್ಲಿ ಒಂದು ನಿಮಿಷ ನಿಲ್ಲುವಾಗ ಎಷ್ಟು ಸಲ ತಪ್ಪಿತು ಎಂಬ ಎಣಿಕೆ, ಎರಡು ತಟ್ಟೆಗಳನ್ನು ಸರದಿಯಲ್ಲಿ ಕೈಯಿಂದ ತಟ್ಟುವ ವೇಗ. 4ನೇ ತರಗತಿಯಿಂದ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ ಇತ್ಯಾದಿ ಸೇರುತ್ತವೆ. ಜೂನ್‌ನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಅಳೆಯಿರಿ. ಮಗುವನ್ನು ಅದರ ಹಿಂದಿನ ಅಂಕಕ್ಕೇ ಹೋಲಿಸಿ, ಪಕ್ಕದವನಿಗಲ್ಲ. ಪುಸ್ತಕ ಮುಂದಿನ ತರಗತಿಯ ಶಿಕ್ಷಕರಿಗೆ ಹೋಗಲಿ.

ಶಾಲೆಗೆ ಆಟದ ಅನುದಾನ ಬರುತ್ತದೆಯೇ?

ಶಾಲೆಗಳಿಗೆ ಅನುದಾನ ಕೊಡುವ ಸಮಗ್ರ ಶಿಕ್ಷಾ ಯೋಜನೆಯ ಅಡಿಯಲ್ಲಿ ಕ್ರೀಡಾ ಸಾಮಗ್ರಿಗೆ ವರ್ಷಕ್ಕೆ ಕಿರಿಯ ಪ್ರಾಥಮಿಕ ಶಾಲೆಗೆ ₹5,000, ಹಿರಿಯ ಪ್ರಾಥಮಿಕ ಶಾಲೆಗೆ ₹10,000ದವರೆಗೆ ಅವಕಾಶವಿದೆ. ಅದರಲ್ಲಿ ಒಂದು ಕೇರಂ ಬೋರ್ಡ್, ಒಂದು ಕ್ರಿಕೆಟ್ ಕಿಟ್ ತಂದರೆ ನಾಲ್ಕು ಮಕ್ಕಳು ಆಡಿ ಉಳಿದವರು ನೋಡುತ್ತಾರೆ. ಮೊದಲು ಹತ್ತಾರು ಚಿಕ್ಕ ರಬ್ಬರ್ ಚೆಂಡು, ಸ್ಕಿಪ್ಪಿಂಗ್ ಹಗ್ಗ, ರಿಂಗ್, ಚೆಂಡಿಗೆ ಗಾಳಿ ತುಂಬುವ ಒಂದು ಪಂಪ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ತನ್ನಿ. ತಂದದ್ದನ್ನು ಬೀರುವಿನಲ್ಲಿ ಇಡದೆ, ಮಕ್ಕಳೇ ಎಣಿಸಿ ತೆಗೆದು ಎಣಿಸಿ ಇಡುವ ತೆರೆದ ಪೆಟ್ಟಿಗೆಯಲ್ಲಿಡಿ. ಸವೆದು ಹಾಳಾದ ಚೆಂಡನ್ನು ದಾಸ್ತಾನು ಪುಸ್ತಕದಲ್ಲಿ "ಬಳಕೆಯಿಂದ ಸವೆದಿದೆ" ಎಂದು ಬರೆದು ತೆಗೆಯಬಹುದು.